ಸೋರಿಯಾಸಿಸ್ ಇರುವವರನ್ನೂ ಯೋಜನೆಗೆ ಸೇರಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಆಸ್ಪತ್ರೆಗೆ ದಾಖಲಾಗದೆ, ವರ್ಷಗಟ್ಟಲೆ ಓಪಿಡಿಯಲ್ಲೇ ತೋರಿಸಿಕೊಂಡು ಔಷಧಿ ತಗೊಳ್ಳುವ ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆಯ ರೋಗಿಗಳು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದೇವೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಹುಪಾಲು ದಾಖಲಾದವರಿಗೆ. ನಾವು ಹೊರಗೇ ಉಳಿದುಬಿಟ್ಟಿದ್ದೇವೆ.

ತಲೆ, ಮೊಣಕೈ, ಮೊಣಕಾಲ ಮೇಲೆ ದಪ್ಪನೆಯ ಕಲೆ, ಅದರ ಮೇಲೆ ಬೆಳ್ಳಗೆ ಹೊಟ್ಟು. ಡಿಸೆಂಬರ್ ಚಳಿಗೆ ಇನ್ನೂ ಜಾಸ್ತಿ. ಕಪ್ಪು ಶರ್ಟ್ ಹಾಕೋ ಹಾಗಿಲ್ಲ. ಒಮ್ಮೆ ಕಟಿಂಗ್ ಶಾಪಿನವರು ನನ್ನ ತಲೆ ನೋಡಿದ್ದೇ ಬಾಚಣಿಗೆ ಕೆಳಗಿಟ್ಟು, "ಮೊದ್ಲು ಡಾಕ್ಟರ್‌ಗೆ ತೋರ್ಸಿ ಸಾರ್" ಅಂದರು. ಇದು ಅಂಟುವ ಕಾಯಿಲೆಯಲ್ಲ ಸ್ವಾಮಿ.

ಎಡವಟ್ಟು ಮಾಡೋದು ನಮ್ಮದೇ ರೋಗನಿರೋಧಕ ಕಣಗಳು (ಜೀವಕೋಶಗಳು). ಚರ್ಮದೊಳಗೆ ಕಾವಲು ಕಾಯುವ ಡೆಂಡ್ರಿಟಿಕ್ ಕಣಗಳು ಐಎಲ್-23 ಅನ್ನೋ ಸಂಕೇತ ಕಳಿಸುತ್ತವೆ. ಅದಕ್ಕೆ ಕೆರಳಿದ ಟಿ ಕಣಗಳು ಅನ್ನೋ ಬಿಳಿ ರಕ್ತಕಣಗಳು ಐಎಲ್-17 ಅನ್ನೋ ಇನ್ನೊಂದು ಸಂಕೇತ ಬಿಡುತ್ತವೆ. ಆಗ ಚರ್ಮದ ಕಣಗಳಿಗೆ ಎಲ್ಲಿಲ್ಲದ ಅವಸರ. ಸುಮಾರು ಒಂದು ತಿಂಗಳು ಹಿಡಿಯುವ ಬೆಳವಣಿಗೆ ಕೆಲವೇ ದಿನದಲ್ಲಿ ಮುಗಿದು, ಪದರ ಪದರವಾಗಿ ಉದುರುತ್ತದೆ. ಮುಲಾಮಿಗೆ ಕಲೆ ಮಾಯವಾದರೂ ಒಂದಷ್ಟು ಟಿ ಕಣಗಳು ಅಲ್ಲೇ ಠಿಕಾಣಿ ಹೂಡಿರುತ್ತವೆ. ಹಾಗಾಗಿಯೇ ಬಿಟ್ಟ ಜಾಗಕ್ಕೇ ಮತ್ತೆ ಬರುತ್ತದೆ. ಕೆಲವರ ಕೀಲುಗಳನ್ನೂ ಹಿಡಿಯುತ್ತದೆ.

ದುಡ್ಡಿಲ್ಲದವರು ಏನು ಮಾಡುತ್ತಾರೆ? ಯಾರೋ ಕೊಟ್ಟ ಸ್ಟೀರಾಯ್ಡ್ ಮಾತ್ರೆ ನುಂಗುತ್ತಾರೆ. ಮೊದಮೊದಲು ಹಾಯೆನಿಸುತ್ತದೆ. ದಿಢೀರ್ ನಿಲ್ಲಿಸಿದರೆ ಮೈತುಂಬ ಕೀವುಗುಳ್ಳೆ ಏಳಬಹುದು.

ಔಷಧಿ ಇಲ್ಲ ಅಂತೇನಲ್ಲ. ಟಿ ಕಣಗಳ ಮೇಲಿನ ಸಿಡಿ6 ಅನ್ನೋ ಪ್ರೋಟೀನನ್ನು ಹಿಡಿಯುವ ಇಟೊಲಿಜುಮ್ಯಾಬ್ ಔಷಧಿಯನ್ನು 2013ರಲ್ಲಿ ಮಾರುಕಟ್ಟೆಗೆ ತಂದಿದ್ದು ನಮ್ಮೂರಿನದೇ ಬಯೋಕಾನ್ ಕಂಪನಿ. ಐಎಲ್-17, ಐಎಲ್-23 ತಡೆಯುವ ಇಂಜೆಕ್ಷನ್‌ಗಳೂ ಬಂದಿವೆ. ಆದರೆ ಸಾಮಾನ್ಯರ ಸಂಬಳಕ್ಕೆ ಎಟುಕುವಂಥವಲ್ಲ.

2014ರಲ್ಲೇ ವಿಶ್ವ ಆರೋಗ್ಯ ಸಭೆ ಇದನ್ನು ದೀರ್ಘಕಾಲದ, ಸಾಂಕ್ರಾಮಿಕವಲ್ಲದ ಕಾಯಿಲೆ ಅಂತ ಒಪ್ಪಿದೆ. ಹಾಗಿದ್ದ ಮೇಲೆ ಬಿಪಿ, ಶುಗರ್ ನೋಡುವ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್‌ಗಳಲ್ಲಿ ನಮಗೂ ಜಾಗ ಇರಬೇಕು ಅಲ್ವಾ? ಕಾಯಿಲೆ ತೀವ್ರವಾಗಿರುವವರಿಗೆ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಯೋಜನೆಯಡಿ ಇಂಜೆಕ್ಷನ್ ಕೊಡಿಸಿ. ಉಳಿದವರಿಗೆ ಈ ಕೆರಳಿಕೆ ತಗ್ಗಿಸುವ ಮೆಥೊಟ್ರೆಕ್ಸೇಟ್ ಮಾತ್ರೆ, ಜೊತೆಗೆ ಲಿವರ್ ಮತ್ತು ರಕ್ತದ ಪರೀಕ್ಷೆ ಹತ್ತಿರದಲ್ಲೇ ಸಿಗಲಿ. ಅದು ವಾರಕ್ಕೊಮ್ಮೆ ನುಂಗುವ ಮಾತ್ರೆ. ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಸೋಮವಾರವೋ ಮಂಗಳವಾರವೋ, ಆ ದಿನವನ್ನು ಚೀಟಿ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡಲು ಹೇಳಿ.

ಇಂತಿ,
ಬೆಂಗಳೂರಿನ ಒಬ್ಬ ರೋಗಿ