ಬ್ಯಾಗ್‌ಪೈಪ್ ಜೊತೆ ಹಾರ್ಮೋನಿಯಂ ಕೂಡಿಸುವ ಮುನ್ನ

ಮಾನ್ಯ ಸಂಪಾದಕರೇ,

ನವೆಂಬರ್ 30 ಸ್ಕಾಟ್ಲೆಂಡಿನವರ ಸೇಂಟ್ ಆ್ಯಂಡ್ರ್ಯೂ ದಿನ. ನಮ್ಮ ರಾಜ್ಯೋತ್ಸವವೂ ಅದೇ ತಿಂಗಳು. ಮುಂಬಯಿಯ ಕನ್ನಡ ಸಂಘಗಳೂ ಸ್ಕಾಟಿಷ್ ಸಂಸ್ಕೃತಿಯ ಬಳಗದವರೂ ಒಂದೇ ವೇದಿಕೆಗೆ ಬಂದರೆ ಬಹಳ ಒಳ್ಳೆಯದು. ನಂಟು ಹೊಸದಲ್ಲ: ಸ್ಕಾಟ್ಲೆಂಡಿನ ಸ್ಟಾರ್ನೊವೇಯಲ್ಲಿ ಹುಟ್ಟಿದ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಅಳೆಯುತ್ತಲೇ ಶಾಸನ, ಕೈಫಿಯತ್ತುಗಳನ್ನು (ಊರುಗಳ ಹಳೆಯ ವೃತ್ತಾಂತಗಳನ್ನು) ಕಲೆಹಾಕಿದರು, ಎಡಿನ್‌ಬರೋದ ವಾಲ್ಟರ್ ಎಲಿಯಟ್ ಧಾರವಾಡದಲ್ಲಿದ್ದು ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದರು. ಆದರೆ ಸ್ಕಾಟ್ಲೆಂಡಿನವರ ಗಾಳಿಚೀಲದ ವಾದ್ಯವಾದ ಬ್ಯಾಗ್‌ಪೈಪ್ ನುಡಿಸುವವರನ್ನು ಬಾಗಿಲಲ್ಲಿ ನಿಲ್ಲಿಸಿ, ಕೊನೆ ಗಳಿಗೆಯಲ್ಲಿ ‘ಭಾವಗೀತೆಗೆ ಹಾರ್ಮೋನಿಯಂ ಜೊತೆ ನುಡಿಸಿಬಿಡಿ’ ಎಂದರೆ ಎರಡೂ ಕಡೆಯ ಸಂಗೀತ ಕೆಡುತ್ತದೆ.

ಕಾರಣ ಶ್ರುತಿ. ಇಂದಿನ ಹೈಲ್ಯಾಂಡ್ ಬ್ಯಾಗ್‌ಪೈಪ್‌ನ ಷಡ್ಜ ಸಾಮಾನ್ಯವಾಗಿ 475ರಿಂದ 482 ಹರ್ಟ್ಸ್ ನಡುವೆ ಇರುತ್ತದೆ. ಹಾರ್ಮೋನಿಯಂನ ಕರಿ 5 ಎಂದರೆ 466, ಬಿಳಿ 7 ಎಂದರೆ 494. ಎರಡಕ್ಕೂ ಕೂಡದು. ಹಾರ್ಮೋನಿಯಂ ಬಿಟ್ಟು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇಟ್ಟುಕೊಳ್ಳಿ. ಕರಿ 5ರಿಂದ ಸೂಕ್ಷ್ಮ ತಿರುಪಿನಲ್ಲಿ ಏರಿಸುತ್ತ ಹೋದರೆ ಪೈಪ್‌ಗೆ ಸೇರುತ್ತದೆ. ಎತ್ತರದ ಶ್ರುತಿಯಾದ್ದರಿಂದ ಹೆಣ್ಣುದನಿಗೇ ಹೆಚ್ಚು ಹೊಂದುತ್ತದೆ.

ಹಾಡಿನ ಆಯ್ಕೆಯಲ್ಲೂ ಎಚ್ಚರ ಬೇಕು. ವಾದ್ಯದಲ್ಲಿ ಒಂಬತ್ತೇ ಸ್ವರ, ಮಂದ್ರದ ಕೋಮಲ ನಿಷಾದದಿಂದ ತಾರ ಷಡ್ಜದವರೆಗೆ. ಖಮಾಜ್ ಥಾಟಿನ, ಅಂದರೆ ಹರಿಕಾಂಭೋಜಿಯ ಸ್ವರಗಳು. ಮೋಹನ, ಶುದ್ಧ ಸಾವೇರಿಯ ಧಾಟಿಗಳು ಸಲೀಸಾಗಿ ಕೂರುತ್ತವೆ. ಕಲ್ಯಾಣಿಯ ಪ್ರತಿ ಮಧ್ಯಮವಾಗಲಿ ಮಾಯಾಮಾಳವಗೌಳದ ರಿಷಭವಾಗಲಿ ಇದರಲ್ಲಿಲ್ಲ. ಮೂರು ಡ್ರೋನ್ ಕೊಳವೆಗಳೂ ಷಡ್ಜವನ್ನೇ ಹಿಡಿಯುತ್ತವೆ: ಎರಡು ಒಂದು ಸ್ಥಾಯಿ ಕೆಳಗೆ, ದೊಡ್ಡದು ಎರಡು ಸ್ಥಾಯಿ ಕೆಳಗೆ. ಪಂಚಮದ ತಂತಿ ಇಲ್ಲದ ತಂಬೂರಿ ಎನ್ನಿ. ಮೃದುವಾಗಿ ನುಡಿಸುವುದೆಂಬುದಿಲ್ಲ, ಸದ್ದು 100 ಡೆಸಿಬಲ್ ದಾಟುತ್ತದೆ. ಹೀಗಾಗಿ ಹಾಡಿನೊಂದಿಗೆ ಅಲ್ಲ, ಚರಣ ಮುಗಿದ ಮೇಲೆ ನುಡಿಸಬೇಕು. ಒಟ್ಟಿಗೇ ಬೇಕೆಂದರೆ ಮೊಳಕೈಯಿಂದ ತಿದಿ ಒತ್ತಿ ನುಡಿಸುವ ಸ್ಮಾಲ್‌ಪೈಪ್ ಇದೆ. ಅದರ ಸದ್ದು ಮೆದು. 440 ಹರ್ಟ್ಸ್ ಶ್ರುತಿಯದ್ದನ್ನು ಕೇಳಿ ತರಿಸಿದರೆ ಹಾರ್ಮೋನಿಯಂನ ಬಿಳಿ 6ಕ್ಕೆ ನೇರ ಸೇರುತ್ತದೆ. ಇಂಥ ಕಾರ್ಯಕ್ರಮಕ್ಕೆ ನಮ್ಮ ಮೊದಲ ಆಯ್ಕೆ ಅದೇ.

ಇನ್ನು ಹವೆ. ವಾದ್ಯ ಬಿಸಿಯಾದಂತೆ, ಸ್ವರ ನುಡಿಸುವ ಚಾಂಟರ್‌ನ ಶ್ರುತಿ ಏರುತ್ತದೆ, ಡ್ರೋನ್‌ಗಳದ್ದು ಅಷ್ಟು ಏರುವುದಿಲ್ಲ. ಹೊರಗಿನ ಸೆಕೆಯಲ್ಲಿ ಶ್ರುತಿ ಮಾಡಿ ಎಸಿ ಸಭಾಂಗಣಕ್ಕೆ ಬಂದರೆ ಎರಡೂ ಬೇರ್ಪಟ್ಟು ದನಿ ಅಲೆಅಲೆಯಾಗಿ ನಡುಗುತ್ತದೆ. ಅದೇ ಸಭಾಂಗಣದಲ್ಲಿ, ಎಸಿ ಹಾಕಿಯೇ, 15–20 ನಿಮಿಷ ನುಡಿಸಿ ಆಮೇಲೆ ಶ್ರುತಿ ಮಾಡಬೇಕು. ಮೊದಲು ಒಂದು ಚಿಕ್ಕ ಡ್ರೋನ್ ಮಾತ್ರ ತೆರೆದಿಟ್ಟು ಚಾಂಟರ್‌ಗೆ ಕೂಡಿಸಿ. ಶ್ರುತಿ ಹೆಚ್ಚಿದ್ದರೆ ಕೊಳವೆ ಉದ್ದ ಮಾಡಿ, ಕಡಿಮೆಯಿದ್ದರೆ ಗಿಡ್ಡ ಮಾಡಿ. ಅದಕ್ಕೆ ಎರಡನೆಯದು, ಕೊನೆಗೆ ದೊಡ್ಡದು. ಯಾವುದೋ ಒಂದು ಸ್ವರ ಮಾತ್ರ ಏರಿದ್ದರೆ ಆ ರಂಧ್ರದ ಮೇಲಂಚಿಗೆ ಸಣ್ಣ ಟೇಪ್ ಸಾಕು. ಮೇಲಿನ ಸ್ವರಗಳೆಲ್ಲ ಇಳಿದಿದ್ದರೆ ಚಾಂಟರ್‌ನ ರೀಡನ್ನು (ದನಿ ಹುಟ್ಟಿಸುವ ನಾಲಿಗೆಯನ್ನು) ಕೂದಲೆಳೆಯಷ್ಟು ಒಳಕ್ಕೆ ಒತ್ತಬೇಕು.

ಕೊಳವೆಗಳ ಕೀಲಿಗೆ ಸುತ್ತಿದ ಸೆಣಬಿನ ದಾರ ಕಡಲ ತೇವಕ್ಕೆ ಉಬ್ಬಿ ಬಿಗಿಯುತ್ತದೆ. ಅದೇ ವಾದ್ಯವನ್ನು ಡಿಸೆಂಬರಿನಲ್ಲಿ ಪುಣೆಗೆ ಒಯ್ದರೆ ಒಣಗಿ ಸಡಿಲವಾಗಿ, ಡ್ರೋನ್ ತಾನಾಗಿ ಜಾರಿ ಶ್ರುತಿ ತಪ್ಪುತ್ತದೆ. ಮೇಣ ಹಚ್ಚಿದ ದಾರ ಒಂದೆರಡು ಸುತ್ತು ಹೆಚ್ಚಿಗೆ ಸುತ್ತಿಕೊಳ್ಳಿ. ಎಸಿಯ ಗಾಳಿ ನೇರವಾಗಿ ಬೀಸುವಲ್ಲಿ ಇಡಬೇಡಿ, ಕರಿಮರ ಸೀಳುತ್ತದೆ. ನುಡಿಸಿದ ಮೇಲೆ ಒಳಗಿನ ಪಸೆಯನ್ನು ಬಟ್ಟೆಯಿಂದ ಒರೆಸದೆ ಪೆಟ್ಟಿಗೆಗೆ ಹಾಕಬಾರದು.

ಉಡುಪಿನ ಬಗ್ಗೆ ಒಂದೇ ಮಾತು: ಸ್ಕಾಟಿಷ್ ಗಂಡಸರು ಉಡುವ ಕಿಲ್ಟ್ ಎಂಬ ಲಂಗದ ನೆರಿಗೆ ಹಿಂದಕ್ಕಿರಬೇಕು. ಮುಂದೆ ಬಂದಿರುವುದನ್ನು ಫೋಟೋಗಳಲ್ಲಿ ನೋಡಿದಾಗ ಬೇಸರವಾಗುತ್ತದೆ.

ಬಯಲು ಕಾರ್ಯಕ್ರಮವಾದರೆ ಪೈಪನ್ನು ಮೊದಲ ಭಾಗದಲ್ಲೇ ಇಡಿ, ರಾತ್ರಿ 10ರ ನಂತರ ಬಯಲಲ್ಲಿ ವಾದ್ಯ ನುಡಿಸುವಂತಿಲ್ಲ. 7 ಗಂಟೆಗೆ ಆರಂಭವೆಂದರೆ ಸಭಾಂಗಣದ ಬೀಗ 6ಕ್ಕೇ ತೆಗೆಸಿ, ಹಾಡುವವರನ್ನೂ ಆಗಲೇ ಕರೆಸಿ ಎಂದು ಸಂಘಗಳ ಕಾರ್ಯದರ್ಶಿಗಳಲ್ಲಿ ನಮ್ಮ ವಿನಂತಿ.

– ಬ್ಯಾಗ್‌ಪೈಪ್ ನುಡಿಸುವ ಕೆಲವು ಕನ್ನಡಿಗರು, ಮುಂಬಯಿ