ಮಾತ್ರೆ ನುಂಗಿದ ಮಗು ಚೆನ್ನಾಗಿ ಕಂಡರೂ ಕಾಯಬೇಡಿ

ಪೋಷಕರಿಗೆ ನಮಸ್ಕಾರ.

ಪರೀಕ್ಷೆ, ಶುಲ್ಕ, ಸಮವಸ್ತ್ರ ಯಾವುದೂ ಈ ಪತ್ರದಲ್ಲಿಲ್ಲ. ಮಗು ಮನೆಯಲ್ಲಿ ಮಾತ್ರೆಗಳನ್ನೋ ಬೇರೆ ವಿಷವನ್ನೋ ನುಂಗಿದರೆ ಏನು ಮಾಡಬೇಕು, ಏನು ಮಾಡಬಾರದು ಅನ್ನೋದಷ್ಟೇ ಇದೆ.

ಮಗು ಆಡಿಕೊಂಡಿದೆ ಅಂತ ಸುಮ್ನೆ ಕೂರಬೇಡಿ. ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಜಾಸ್ತಿ ಹೋದಾಗ ಮೊದಲ 24 ಗಂಟೆ ಏನೂ ಕಾಣದೇ ಇರಬಹುದು. ಹೆಚ್ಚೆಂದರೆ ಹೊಟ್ಟೆ ತೊಳಸು, ವಾಂತಿ. ಲಿವರ್ ಪೆಟ್ಟು ತಿಂದಿರುವುದು ಆಮೇಲೆ ಗೊತ್ತಾಗುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಅನ್ನೋ ಔಷಧಿ ಇದೆ. ನುಂಗಿದ 8 ಗಂಟೆಯೊಳಗೆ ಶುರು ಮಾಡಿದರೆ ಲಿವರ್ ಉಳಿಯುವ ಸಾಧ್ಯತೆ ತುಂಬಾ ಚೆನ್ನಾಗಿದೆ. ರಾತ್ರಿ ನುಂಗಿದ್ದಕ್ಕೆ ಬೆಳಗ್ಗೆ ನೋಡೋಣ ಅಂದರೆ ಆ ಹೊತ್ತು ಕಳೆದೇ ಹೋಗಿರುತ್ತದೆ, ಅಲ್ವಾ? ತಡವಾಗಿದ್ದರೂ ಹೋಗಿ, ಆಗಲೂ ಉಪಯೋಗ ಇದ್ದೇ ಇದೆ.

ಕಬ್ಬಿಣಾಂಶದ ಮಾತ್ರೆ ಇನ್ನೂ ಮೋಸ ಮಾಡುತ್ತದೆ. ಮೊದಲು ವಾಂತಿ, ಭೇದಿ. ಆಮೇಲೆ ಮಗು ಸುಧಾರಿಸಿದ ಹಾಗೆ ಕಾಣುತ್ತದೆ. ನಂತರ ಒಮ್ಮೆಲೇ ಕೆಡುತ್ತದೆ. ಅಜ್ಜ ಅಜ್ಜಿಯರ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳಂತೂ ಒಂದೇ ಒಂದು ಹೊಟ್ಟೆಗೆ ಹೋದರೂ ಪುಟ್ಟ ಮಗುವಿನ ರಕ್ತದ ಸಕ್ಕರೆಯನ್ನು ಇಳಿಸಿಬಿಡಬಲ್ಲವು, ಅದೂ ಗಂಟೆಗಟ್ಟಲೆ ತಡವಾಗಿ.

ವಾಂತಿ ಮಾಡಿಸಬೇಡಿ. ಬೆರಳು ಹಾಕುವುದೂ ಬೇಡ, ಉಪ್ಪುನೀರೂ ಬೇಡ. ಆಸಿಡ್ ಇಳಿಯುವಾಗ ಗಂಟಲು ಸುಟ್ಟಿರುತ್ತದೆ, ಹತ್ತುವಾಗ ಮತ್ತೆ ಸುಡುತ್ತದೆ. ಸೀಮೆಎಣ್ಣೆ ವಾಂತಿಯ ಜೊತೆ ಶ್ವಾಸಕೋಶಕ್ಕೆ ಹೋಗಬಹುದು. ಉಪ್ಪೇ ಅತಿಯಾದರೆ ಅದೂ ವಿಷ. ಆಸ್ಪತ್ರೆಯಲ್ಲಿ ಕೊಡುವ ಇದ್ದಿಲಿನ ಪುಡಿಯನ್ನು ಕೇಳಿ ಕೆಲವರು ಒಲೆಯ ಇದ್ದಿಲಿಗೆ ಕೈ ಹಾಕುತ್ತಾರೆ. ಅದು ಬೇರೆ, ಇದು ಬೇರೆ. ಆ ಪುಡಿಯನ್ನೂ ಸಾಮಾನ್ಯವಾಗಿ ನುಂಗಿದ ಒಂದು ಗಂಟೆಯೊಳಗೇ ಕೊಡುತ್ತಾರೆ, ಆಸಿಡ್‌ಗೆ, ಕಬ್ಬಿಣಕ್ಕೆ ಅದು ನಾಟುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ತಕ್ಷಣ ತುರ್ತು ಸಹಾಯವಾಣಿಗೆ ಫೋನ್ ಮಾಡಿ. ಮಾತ್ರೆಯ ಸ್ಟ್ರಿಪ್ ಅಥವಾ ಬಾಟಲಿಯನ್ನು ಖಾಲಿಯಾಗಿದ್ದರೂ ಜೊತೆಗೆ ಒಯ್ಯಿರಿ. ಎಷ್ಟು ಹೊತ್ತಿಗೆ ನುಂಗಿತು, ಸುಮಾರು ಎಷ್ಟು ಮಾತ್ರೆ, ಮಗುವಿನ ತೂಕ ಎಷ್ಟು ಅನ್ನೋದು ಡಾಕ್ಟರಿಗೆ ಬೇಕು. ಪ್ರಜ್ಞೆ ತಪ್ಪಿ ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಉಸಿರು ನಿಂತರೆ ಫೋನಿನಲ್ಲಿ ಹೇಳಿದಂತೆ ಎದೆ ಒತ್ತಲು ಶುರು ಮಾಡಿ. ಕಣ್ಣಿಗೆ ಬಿದ್ದಿದ್ದರೆ 15ರಿಂದ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ.

ಮನೆಯಲ್ಲಿ ಯಾರಿಗಾದರೂ ಮಾರ್ಫಿನ್ ಜಾತಿಯ ನೋವಿನ ಮದ್ದು ಬರೆದುಕೊಟ್ಟಿದ್ದಾರಾ? ಉಸಿರು ತೀರಾ ನಿಧಾನವಾಗಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಮಗು ಅದನ್ನು ನುಂಗಿರುವ ಗುರುತು. ಅದರ ಪರಿಣಾಮ ತಡೆಯುವ ನಲೋಕ್ಸೋನ್ ಅನ್ನೋ ಔಷಧಿ ಕೊಟ್ಟರೆ ಉಸಿರು ಮರಳುತ್ತದೆ. ಆದರೆ ನಲೋಕ್ಸೋನ್ ಶಕ್ತಿ ಬೇಗ ಇಳಿಯುತ್ತದೆ, ಮಗು ಎದ್ದಿತು ಅಂತ ಮನೆಗೆ ಕರೆತರಬೇಡಿ.

ದೊಡ್ಡ ಮಕ್ಕಳ ವಿಷಯ ಬೇರೆ. ಅವರು ಬೇಕೆಂದೇ ನುಂಗಿರಬಹುದು. ಬೈಯುವ ಹೊತ್ತಲ್ಲ ಅದು, ಬೈದರೆ ಎಷ್ಟು ನುಂಗಿದೆ ಅಂತ ನಿಜ ಹೇಳುವುದಿಲ್ಲ. ಒಬ್ಬರನ್ನೇ ಬಿಡಬೇಡಿ. ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಶಾಲೆಗೆ ಎಷ್ಟು ತಿಳಿಸಬೇಕು ಅನ್ನೋದು ನಿಮಗೆ ಬಿಟ್ಟದ್ದು, ತಿಳಿಸಿದ್ದು ನನ್ನಲ್ಲೇ ಉಳಿಯುತ್ತದೆ.

ಮಗುವಿಗೆ ದಿನಾ ಕೊಡುವ ಔಷಧಿ ಇದ್ದರೆ ಅದರ ಹೆಸರು, ಪ್ರಮಾಣವನ್ನು ಡೈರಿಯ ಮೊದಲ ಪುಟದಲ್ಲಿ ಬರೆದು ಸೋಮವಾರ ಕಳಿಸಿ.

ಇತಿ,
ಮುಖ್ಯ ಶಿಕ್ಷಕಿ