ರಿಸೀವರ್ ಬದಲಾದರೆ ಸಾಲದು, ಹಳೆಯ ಲೆಕ್ಕವೂ ಬರಲಿ

ಸಂಪಾದಕರೇ,

ಪಾಲಿನ ದಾವೆಗಳಲ್ಲಿ ಕೋರ್ಟು ನೇಮಿಸುವ ರಿಸೀವರ್‌ಗಳ ಬಗ್ಗೆ ಪತ್ರಿಕೆಗಳಲ್ಲಿ ಏನೂ ಬರುವುದಿಲ್ಲ. ಅಣ್ಣತಮ್ಮಂದಿರ ಜಗಳದಲ್ಲಿ ತೋಟ ಹಾಳಾಗಬಾರದು ಅಂತ ಜಡ್ಜ್ ಸಾಹೇಬರು ಮೂರನೆಯವರೊಬ್ಬರನ್ನು, ಹೆಚ್ಚಾಗಿ ವಕೀಲರನ್ನು, ಉಸ್ತುವಾರಿಗೆ ಹಾಕುತ್ತಾರೆ. ಒಳ್ಳೆಯ ಏರ್ಪಾಡೇ. ಆದರೆ ಆ ಮೂರನೆಯವರೇ ಸರಿ ಇಲ್ಲದಿದ್ದರೆ?

ಕಾನೂನೇನೋ ಗಟ್ಟಿಯಾಗಿದೆ. ಸಿಪಿಸಿಯ (ಸಿವಿಲ್ ಕೇಸು ನಡೆಸುವ ವಿಧಾನದ ಕಾಯ್ದೆ) 40ನೇ ಆರ್ಡರ್, 3ನೇ ರೂಲ್ ಪ್ರಕಾರ ರಿಸೀವರ್ ಕೋರ್ಟು ಹೇಳಿದಾಗೆಲ್ಲ ಲೆಕ್ಕ ಒಪ್ಪಿಸಬೇಕು, ಬೇಕೆಂದೇ ಮಾಡಿದ ತಪ್ಪಿನಿಂದಲೋ ತೀರಾ ಅಸಡ್ಡೆಯಿಂದಲೋ ಆಸ್ತಿಗೆ ನಷ್ಟವಾದರೆ ಅದಕ್ಕೆ ಅವರೇ ಹೊಣೆ. ಕೇಳದಿದ್ದರೆ 4ನೇ ರೂಲ್ ಇದೆ: ಅವರ ಸ್ವಂತ ಆಸ್ತಿಯನ್ನೇ ಜಪ್ತಿ ಮಾಡಿ ಮಾರಿ ವಸೂಲು ಮಾಡಬಹುದು. ವಿಚಿತ್ರ ಅಂದರೆ, ರಿಸೀವರ್‌ರನ್ನು ತೆಗೆದುಹಾಕುವ ಮಾತು ಅಲ್ಲಿ ನೇರವಾಗಿ ಎಲ್ಲೂ ಇಲ್ಲ. ಅದಕ್ಕೆ 1897ರ ಜನರಲ್ ಕ್ಲಾಸಸ್ ಕಾಯ್ದೆಯ 16ನೇ ಸೆಕ್ಷನ್ ತೋರಿಸುತ್ತಾರೆ, ನೇಮಿಸುವವರಿಗೆ ತೆಗೆಯುವ ಅಧಿಕಾರವೂ ಇದೆ ಅಂತ.

ನಮ್ಮ ಮನೆತನದ ಕೇಸಿನಲ್ಲಿ ಆಗಿದ್ದು ಹೇಳುತ್ತೇನೆ. ರಿಸೀವರ್ ಪಾಲುದಾರರಿಗೆ ಒಂದು ಮಾತೂ ತಿಳಿಸದೆ ಅಡಿಕೆ ಫಸಲನ್ನು ಚೇಣಿಗೆ (ಮರದಲ್ಲಿರುವಾಗಲೇ ಗುತ್ತಿಗೆಗೆ) ಕೊಟ್ಟರು, ಮಳೆಗೆ ಮೊದಲು ಕೊಳೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಲಿಲ್ಲ, ಲೆಕ್ಕ ಕೇಳಿದರೆ ಮುಂದಿನ ವಾಯಿದೆಗೆ ಅಂದರು. ಕೊಳೆ ರೋಗ ವಾಯಿದೆ ಕೇಳುತ್ತದೆಯೇ? ನಾವೇ ಹೋಗಿ ಔಷಧಿ ಹೊಡೆಸೋಣ ಅಂದರೆ ರಿಸೀವರ್ ಕೆಲಸಕ್ಕೆ ಅಡ್ಡಿ, ನ್ಯಾಯಾಂಗ ನಿಂದನೆ ಆಗುತ್ತದೆ ಅಂತ ನಮ್ಮ ವಕೀಲರೇ ಹೆದರಿಸಿದರು. ಬದಲಾಯಿಸಿ ಅಂತ ಅರ್ಜಿ ಹಾಕಿದೆವು. ಎದುರು ಪಾರ್ಟಿ ತಕರಾರು ಹಾಕಿತು. ರಿಸೀವರ್ ಎಷ್ಟೇ ಕೆಟ್ಟವರಿರಲಿ, ಅವರಿಂದ ಅನುಕೂಲ ಆಗುವ ಒಬ್ಬ ಪಾಲುದಾರ ಇದ್ದೇ ಇರುತ್ತಾನೆ, ಅಲ್ವಾ?

ಸುಮ್ನೆ ಯಾರೋ ಬೇಡ ಅಂದ ಕೂಡಲೇ ತೆಗೆಯಲಿ ಅಂತ ನಾನು ಹೇಳುವುದಿಲ್ಲ. ಹಾಗಾದರೆ ಒಂದು ವರ್ಷವೂ ಒಬ್ಬರು ನಿಲ್ಲುವುದಿಲ್ಲ. ಆದರೆ ಕೊನೆಗೂ ಹೊಸಬರು ಬಂದ ಮೇಲೆ ನಮಗೆ ಕಂಡಿದ್ದು ಇದಕ್ಕಿಂತ ದೊಡ್ಡ ತೊಂದರೆ. ಹೊಸಬರ ಕೈಗೆ ಪಾಸ್‌ಬುಕ್ ಬಂತು, ಚೇಣಿ ಕರಾರು ಬರಲಿಲ್ಲ, ಕೂಲಿ ಚೀಟಿಗಳು ಬರಲಿಲ್ಲ, ಫಸಲು ಎಷ್ಟಕ್ಕೆ ಹೋಯಿತು ಅನ್ನುವುದೇ ಗೊತ್ತಿಲ್ಲ. ಹಳಬರು ಎಲ್ಲ ಕೊಟ್ಟಿದ್ದೇನೆ ಅನ್ನುತ್ತಾರೆ, ಹೊಸಬರು ನನಗೆ ಸಿಕ್ಕಿದ್ದು ಇಷ್ಟೇ ಅನ್ನುತ್ತಾರೆ. ಕೋರ್ಟಿನ ಗಮನ ಹೊಸ ನೇಮಕದ ಕಡೆ ಹೋಯಿತು, ಹಳೆಯ ಲೆಕ್ಕ ಫೈಲಿನ ಅಡಿಗೆ ಸೇರಿತು.

ಹಾಗಾಗಿ ನ್ಯಾಯಾಧೀಶರಲ್ಲಿ ನನ್ನ ಕೋರಿಕೆ: ಬದಲಾವಣೆಯ ಆದೇಶದಲ್ಲೇ ಹಳಬರು ಲೆಕ್ಕ ಕೊಡುವ ತಾರೀಕು ಬರೆಯಿರಿ. ತೋಟ, ಕಾಗದಪತ್ರ, ಹಣ ಎಲ್ಲ ಪಾಲುದಾರರ ಎದುರು ಮಹಜರು ಮಾಡಿ ಹಸ್ತಾಂತರವಾಗಲಿ. ಲೆಕ್ಕ ಒಪ್ಪಿಗೆಯಾಗುವ ತನಕ ಅವರ ಬಾಕಿ ಸಂಭಾವನೆ ಕೊಡಬೇಡಿ, ಅವರು ಕೋರ್ಟಿಗೆ ಕೊಟ್ಟ ಭದ್ರತೆಯನ್ನೂ (ಜಾಮೀನು) ವಾಪಸ್ ಮಾಡಬೇಡಿ. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. 5ನೇ ರೂಲ್‌ನಲ್ಲಿ ಕಂದಾಯ ಜಮೀನಿಗೆ ಜಿಲ್ಲಾಧಿಕಾರಿಯನ್ನೇ, ಅವರು ಒಪ್ಪಿದರೆ, ರಿಸೀವರ್ ಮಾಡಬಹುದು ಅಂತಲೂ ಇದೆ. ಆದರೆ ಅವರಿಗಿರುವ ಕೆಲಸ ನೋಡಿದರೆ ನಮ್ಮ ತೋಟದ ಅಡಿಕೆಗೊನೆ ಕೊಯ್ಲು ನೆನಪಿರುವುದು ಕಷ್ಟ.

ಇನ್ನೊಂದು: ಫಸಲನ್ನು ಚೇಣಿಗೆ ಕೊಡುವ ಮುಂಚೆ ಪ್ರತಿ ಪಾಲುದಾರನಿಗೂ ನೋಟಿಸ್ ಹೋಗಲೇಬೇಕು ಅಂತ ನೇಮಕದ ಆದೇಶದಲ್ಲೇ ಸೇರಿಸಿದರೆ ಅರ್ಧ ಜಗಳ ಅಲ್ಲೇ ತಪ್ಪುತ್ತದೆ.

— ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ